ನೌಕಾಪಡೆ ಬಿಟ್ಟುಹೋದ ದಡ ಊರಿನ ಕೈಗೆ ಬರಲು ಯಾಕಿಷ್ಟು ವರ್ಷ?

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫೆರಿ ಹತ್ತಿ ಉತ್ತರಕ್ಕೆ ಹೊರಟರೆ ಸುಮಾರು ಒಂದು ಗಂಟೆಯಲ್ಲಿ ವಲೇಹೊ ಎಂಬ ಊರು ಸಿಗುತ್ತದೆ. ಒಂದೂಕಾಲು ಲಕ್ಷ ಜನ. ನಮ್ಮ ಚಿಕ್ಕಮಗಳೂರಿನಷ್ಟು ಅಂದುಕೊಳ್ಳಿ. ಫೆರಿ ಇಳಿದು ಹಿಂದಕ್ಕೆ ತಿರುಗಿದರೆ ಕೂಗಳತೆ ದೂರದಲ್ಲಿ, ನೀರಿನಾಚೆ, ಇನ್ನೊಂದು ದಡ ಕಾಣುತ್ತದೆ. ತುಕ್ಕು ಹಿಡಿದ ಕ್ರೇನುಗಳು, ಗಾಜು ಒಡೆದ ಉದ್ದುದ್ದ ಶೆಡ್ಡುಗಳು, ಇಟ್ಟಿಗೆ ಗೋದಾಮುಗಳು. ಅದರ ಹೆಸರು ಮೇರ್ ಐಲ್ಯಾಂಡ್. ಐಲ್ಯಾಂಡ್ ಅನ್ನುತ್ತಾರೆ, ನಿಜವಾಗಿ ಅದೊಂದು ಪರ್ಯಾಯ ದ್ವೀಪ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ, ಅಂದರೆ ಬೇ ಏರಿಯಾದಲ್ಲಿ ಇರುವ ಯಾರಿಗಾದರೂ ಈ ದಡ ನೋಡಿದ ಕೂಡಲೇ ಬರುವ ಪ್ರಶ್ನೆ ಒಂದೇ. ಇಲ್ಲಿ ಮನೆ ಸಿಗದೆ ಜನ ಒದ್ದಾಡುತ್ತಿದ್ದಾರೆ, ಬಾಡಿಗೆ ಕೊಟ್ಟು ಕೊಟ್ಟು ಸುಸ್ತಾಗಿದ್ದಾರೆ, ನೀರಿನ ಪಕ್ಕದ ಇಂಥ ಜಾಗವನ್ನು ಹೀಗೆ ಹಾಳು ಬಿಟ್ಟಿದ್ದಾರಲ್ಲ, ಯಾಕೆ? ಇಲ್ಲಿ ಹಡಗುಕಟ್ಟೆ ನಡೆಸುತ್ತಿದ್ದ ಅಮೆರಿಕದ ನೌಕಾಪಡೆ ಎದ್ದುಹೋಗಿದ್ದು 1996ರಲ್ಲಿ. ಆಗ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗುವ ವಯಸ್ಸು. ಸೋಮಾರಿತನವಾ? ಲಂಚವಾ? ನಗರಸಭೆಯ ದಡ್ಡತನವಾ? ಎಲ್ಲದಕ್ಕೂ ಚೂರು ಪಾಲು ಕೊಡೋಣ, ಬೇಡ ಅನ್ನೋದಿಲ್ಲ. ಆದರೆ ಮುಖ್ಯ ಕಾರಣ ಬೇರೆ ಇದೆ. ಸೈನ್ಯ ಬಿಟ್ಟುಹೋದ ಜಾಗ ಖಾಲಿ ಜಾಗ ಅಲ್ಲ. ಖಾಲಿ ಥರ ಕಾಣುತ್ತದೆ, ಅಷ್ಟೇ.

ಮೊದಲು ಅಲ್ಲಿ ಏನು ನಡೆಯುತ್ತಿತ್ತು ಅಂತ ನೋಡೋಣ. ಮೇರ್ ಅಂದರೆ ಹೆಣ್ಣು ಕುದುರೆ. ಈ ಊರಿಗೆ ಹೆಸರು ಕೊಟ್ಟ ಮೆಕ್ಸಿಕನ್ ಜನರಲ್ ಮರಿಯಾನೊ ವಲೇಹೊ ಅವರ ಬಿಳಿ ಕುದುರೆಯೊಂದು ದೋಣಿ ಮಗುಚಿದಾಗ ಈಜಿಕೊಂಡು ಈ ದಡ ಸೇರಿತಂತೆ, ಅದಕ್ಕೇ ಈ ಹೆಸರು ಅನ್ನುವುದು ಊರ ಕಥೆ. 1854ರಲ್ಲಿ ಅಮೆರಿಕದ ನೌಕಾಪಡೆ ಇಲ್ಲಿ ಹಡಗುಕಟ್ಟೆ ಶುರುಮಾಡಿತು. ಪೆಸಿಫಿಕ್ ಕರಾವಳಿಯಲ್ಲಿ ಅವರ ಮೊಟ್ಟಮೊದಲ ನೆಲೆ ಇದೇ. ಆಮೇಲಿನ ನೂರ ನಲವತ್ತು ವರ್ಷ ಇಲ್ಲಿ ಐನೂರಕ್ಕೂ ಜಾಸ್ತಿ ಹಡಗು ಕಟ್ಟಿದರು. 1918ರಲ್ಲಿ ಯುಎಸ್‌ಎಸ್ ವಾರ್ಡ್ ಎಂಬ ಯುದ್ಧನೌಕೆಯನ್ನು ಹದಿನೇಳೂವರೆ ದಿನದಲ್ಲಿ ನೀರಿಗಿಳಿಸಿದರು. ನಮ್ಮೂರಲ್ಲಿ ಒಂದು ಕಾಂಪೌಂಡ್ ಗೋಡೆ ಕಟ್ಟಲು ಅಷ್ಟು ದಿನ ಹಿಡಿಯುತ್ತದೆ! 1941ರ ಡಿಸೆಂಬರ್ 7ರ ಬೆಳಗ್ಗೆ ಪರ್ಲ್ ಹಾರ್ಬರ್ ಬಾಗಿಲಲ್ಲಿ ಜಪಾನಿನ ಪುಟ್ಟ ಸಬ್‌ಮೆರೀನ್ ಮೇಲೆ ಅಮೆರಿಕದ ಮೊದಲ ಗುಂಡು ಹಾರಿಸಿದ್ದು ಅದೇ ವಾರ್ಡ್. ಎರಡನೇ ಮಹಾಯುದ್ಧದ ಕಾಲಕ್ಕೆ ನಲವತ್ತು ಸಾವಿರಕ್ಕೂ ಜಾಸ್ತಿ ಜನ ಇಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದರು. ಯುದ್ಧ ಮುಗಿದ ಮೇಲೆ ಅಣುಶಕ್ತಿಯ ಸಬ್‌ಮೆರೀನುಗಳು. ಅಂಥವು ಹದಿನೇಳು ಇಲ್ಲಿ ಹುಟ್ಟಿವೆ.

ಊರಿಗೂ ಹಡಗುಕಟ್ಟೆಗೂ ಇದ್ದ ಸಂಬಂಧ ಎಂಥದು ಅಂತ ಅರ್ಥಮಾಡಿಕೊಳ್ಳಬೇಕು. ಅದು ಕೇಂದ್ರ ಸರ್ಕಾರದ ಜಾಗ. ನಗರಸಭೆಗೆ ಒಂದು ಪೈಸೆ ಆಸ್ತಿ ತೆರಿಗೆ ಬರುತ್ತಿರಲಿಲ್ಲ. ಆದರೆ ಗೇಟಿನಿಂದ ಸಂಜೆ ಹೊರಗೆ ಬರುವ ಜನ ಸಂಬಳ ತರುತ್ತಿದ್ದರು. ಅದೇ ಸಂಬಳ ಊರಿನ ಅಂಗಡಿ, ಹೋಟೆಲು, ಬಾರು, ಬಾಡಿಗೆ ಮನೆಗಳಲ್ಲಿ ಓಡಾಡುತ್ತಿತ್ತು. ಒಳಗಿನ ರಸ್ತೆ, ಕರೆಂಟು, ನೀರು, ಒಳಚರಂಡಿ, ಬೆಂಕಿ ಆರಿಸುವ ದಳ ಎಲ್ಲ ನೌಕಾಪಡೆಯದೇ. ಅಂದರೆ ಊರಿಗೆ ಖರ್ಚಿಲ್ಲದ ವರಮಾನ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಇದು ತಲೆಕೆಳಗಾಗುತ್ತದೆ.

ಶೀತಲ ಸಮರ ಮುಗಿಯಿತು. ಇಷ್ಟೊಂದು ಸೇನಾನೆಲೆ ಬೇಡ ಅಂತ ಎಲ್ಲರಿಗೂ ಗೊತ್ತಿತ್ತು, ಆದರೆ ತನ್ನ ಕ್ಷೇತ್ರದ್ದು ಮುಚ್ಚಲಿ ಅನ್ನುವ ಸಂಸದ ಎಲ್ಲಾದರೂ ಇರುತ್ತಾನಾ? ಅದಕ್ಕೆ ಅವರೊಂದು ಉಪಾಯ ಕಂಡುಕೊಂಡರು. ಸ್ವತಂತ್ರ ಆಯೋಗವೊಂದು ಮುಚ್ಚಬೇಕಾದ ನೆಲೆಗಳ ಪಟ್ಟಿ ಮಾಡುವುದು. ಅಮೆರಿಕದ ಅಧ್ಯಕ್ಷರು ಆ ಪಟ್ಟಿಯನ್ನು ಒಪ್ಪಿದರೆ ಇಡಿಯಾಗಿ ಒಪ್ಪಬೇಕು, ಬೇಡವೆಂದರೆ ಇಡಿಯಾಗಿ ವಾಪಸ್ ಕಳಿಸಬೇಕು. ಸಂಸತ್ತಿಗೂ ಅಷ್ಟೇ, ತಿರಸ್ಕರಿಸುವುದಾದರೆ ಪೂರ್ತಿ ಪಟ್ಟಿ. ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಉಳಿಸುವ ಆಟ ಇಲ್ಲ. ಹೀಗಾಗಿ ಯಾರ ಕೈಗೂ ರಕ್ತ ಅಂಟಲಿಲ್ಲ. 1993ರ ಪಟ್ಟಿಯಲ್ಲಿ ಮೇರ್ ಐಲ್ಯಾಂಡ್ ಬಂತು. ಅದೇ ಪಟ್ಟಿಯಲ್ಲಿ ಅದೇ ಕೊಲ್ಲಿಯ ಅಲಮೀಡಾ ವಿಮಾನನೆಲೆ, ಟ್ರೆಷರ್ ಐಲ್ಯಾಂಡ್ ನೌಕಾನೆಲೆ ಕೂಡ ಇದ್ದವು. ಬೇ ಏರಿಯಾಗೆ ಒಟ್ಟಿಗೇ ಹೊಡೆತ. 1996ರ ಏಪ್ರಿಲ್ 1ರಂದು ಹಡಗುಕಟ್ಟೆಯ ಬಾಗಿಲು ಮುಚ್ಚಿತು. ಮೂರ್ಖರ ದಿನ ಅಂತ ಯಾರೋ ತಮಾಷೆ ಮಾಡಿರಲೇಬೇಕು.

ಈಗ ಜಾಗ ಊರಿಗೆ ಕೊಡುವ ವಿಷಯ. ನೆಲೆ ಮುಚ್ಚಿದಾಗ ಕೆಲಸ ಕಳೆದುಕೊಂಡ ಊರಿಗೆ ಆ ನೆಲವನ್ನು ಕಡಿಮೆ ಬೆಲೆಗೆ, ಕೆಲವೊಮ್ಮೆ ಬೆಲೆಯೇ ಇಲ್ಲದೆ ಕೊಡಲು ಅಮೆರಿಕದ ಕಾನೂನಿನಲ್ಲಿ ದಾರಿ ಇದೆ. ಪುಕ್ಕಟೆ ಸಿಕ್ಕರೆ ನನಗೊಂದು ಇರಲಿ, ನಮ್ಮಪ್ಪನಿಗೊಂದು ಇರಲಿ ಅನ್ನೋ ಗಾದೆ ಇದೆಯಲ್ಲ, ಹಾಗೆ ಎಲ್ಲ ಊರುಗಳೂ ಮೊದಲು ಖುಷಿಪಡುತ್ತವೆ. ಆಮೇಲೆ ಆ ನೆಲದ ಜೊತೆಗೆ ಏನೇನು ಬರುತ್ತದೆ ಅಂತ ಒಂದೊಂದಾಗಿ ಗೊತ್ತಾಗುತ್ತದೆ.

ಎಲ್ಲಕ್ಕಿಂತ ದೊಡ್ಡದು ವಿಷ. ಹಡಗು ಕಟ್ಟುವುದು, ರಿಪೇರಿ ಮಾಡುವುದು ಕೊಳಕು ಕೆಲಸ. ಸೀಸ ಬೆರೆತ ಬಣ್ಣ ಬಳಿಯುತ್ತಿದ್ದರು, ಹಳೆ ಬಣ್ಣವನ್ನು ಮರಳು ಚಿಮ್ಮಿಸಿ ಕೆರೆಯುತ್ತಿದ್ದರು, ಕೆರೆದ ಮರಳು ಅಲ್ಲೇ ಗುಡ್ಡೆ ಬೀಳುತ್ತಿತ್ತು ಇಲ್ಲವೇ ಹಳ್ಳ ತುಂಬಲು ಹೋಗುತ್ತಿತ್ತು. ಲೋಹ ತೊಳೆಯುವ ದ್ರಾವಣ, ಕಲ್ನಾರು, ಬ್ಯಾಟರಿ ಆಸಿಡ್, ತೈಲ ಎಲ್ಲ ಇತ್ತು. ದ್ವೀಪದ ದಕ್ಷಿಣ ತುದಿಯಲ್ಲಿ ಮದ್ದುಗುಂಡಿನ ಉಗ್ರಾಣಗಳಿದ್ದವು, ಹಾಗಾಗಿ ಅಲ್ಲಿ ಗುದ್ದಲಿ ಹಾಕುವ ಮೊದಲು ಸಿಡಿಯದೆ ಉಳಿದ ಗುಂಡು ಇದೆಯಾ ಅಂತ ನೋಡಬೇಕು.

ಒಂದೇ ಒಂದು ಉದಾಹರಣೆ ಹತ್ತಿರದಿಂದ ನೋಡಿ. ಒಂದು ಹಳೆಯ ವರ್ಕ್‌ಶಾಪ್, ಅದರ ಮೂಲೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇತ್ತು ಅಂದುಕೊಳ್ಳಿ. ಆ ಕಾಲದಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಪಿಸಿಬಿ ಎಂಬ ರಾಸಾಯನಿಕ ಹಾಕುತ್ತಿದ್ದರು, ಬೆಂಕಿ ಹತ್ತಬಾರದು ಅಂತ. ಎಣ್ಣೆ ತೊಟ್ಟು ತೊಟ್ಟಾಗಿ ಸೋರುತ್ತಿತ್ತು. ಯಾರೋ ಒರೆಸಿದರು, ನೆಲ ಒಣಗಿತು, ಕಪ್ಪು ಕಲೆ ಉಳಿಯಿತು. ಟ್ರಾನ್ಸ್‌ಫಾರ್ಮರ್ ಎತ್ತಿಕೊಂಡು ಹೋಗಿ ಎಷ್ಟೋ ವರ್ಷವಾಗಿದೆ. ಆದರೆ ಕಾಂಕ್ರೀಟ್ ಅಂದರೆ ಕಲ್ಲಲ್ಲ, ಅದು ಸ್ಪಂಜು. ಎಣ್ಣೆ ಒಳಗೆ ಇಳಿದಿದೆ. ಕ್ಯಾನ್ಸರ್ ತರುವ ಆ ವಸ್ತು ತಾನಾಗಿ ಕರಗಿ ಹೋಗುವುದಿಲ್ಲ. ಈಗ ಆ ಶೆಡ್ಡನ್ನು ಯಾವ ನಿರ್ಬಂಧವೂ ಇಲ್ಲದೆ ಜನ ಇಡೀ ದಿನ ಇರುವ ಜಾಗ ಮಾಡಬೇಕೆಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಜಾಸ್ತಿ ಪಿಸಿಬಿ ಇರುವಂತಿಲ್ಲ. ಹಾಗಾಗಿ ನೆಲಕ್ಕೆ ಚೌಕ ಚೌಕ ಗುರುತು ಹಾಕುತ್ತಾರೆ, ಒಂದೊಂದು ಚೌಕದಲ್ಲೂ ಡ್ರಿಲ್ ಮಾಡಿ ಪುಡಿ ತೆಗೆಯುತ್ತಾರೆ, ಲ್ಯಾಬಿಗೆ ಕಳಿಸುತ್ತಾರೆ, ವರದಿ ಬರುವ ತನಕ ಕಾಯುತ್ತಾರೆ, ಬಂದ ಮೇಲೆ ಒಂದೆರಡು ಇಂಚು ಕೆರೆದು ತೆಗೆಯುತ್ತಾರೆ, ಮತ್ತೆ ಪುಡಿ, ಮತ್ತೆ ಲ್ಯಾಬ್, ಮತ್ತೆ ಕಾಯುವುದು. ಇದು ಒಂದು ಮೂಲೆಯ ಕಥೆ. ಮೇರ್ ಐಲ್ಯಾಂಡಿನಲ್ಲಿ ಇಂಥ ಮೂಲೆಗಳು ನೂರಾರು.

ಇನ್ನೊಂದು ರೇಡಿಯಂ. ಹಳೆಯ ಹಡಗು, ವಿಮಾನಗಳ ಮೀಟರುಗಳ ಮುಳ್ಳು, ಅಂಕಿಗಳಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಹಚ್ಚುತ್ತಿದ್ದರು. ರೇಡಿಯಂ ಜೊತೆ ಇನ್ನೊಂದು ಪುಡಿ ಬೆರೆಸಿ ಮಾಡಿದ ಬಣ್ಣ ಅದು. ಕೆಲವು ವರ್ಷಕ್ಕೆ ಆ ಪುಡಿ ಸವೆದು ಹೊಳಪು ಹೋಗುತ್ತದೆ. ರೇಡಿಯಂ ಮಾತ್ರ ಹೋಗುವುದಿಲ್ಲ, ಅದು ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಅಂದರೆ ಹೊಳೆಯದ ಡಯಲ್ ಸುಮ್ನೆ ಹಳೇ ಸಾಮಾನು ಅಂತ ಕಸಕ್ಕೆ ಹೋಯಿತು, ಕಸ ಹಳ್ಳಕ್ಕೆ ಹೋಯಿತು. ಅಲಮೀಡಾ ನೆಲೆಯಲ್ಲಿ ಬಣ್ಣ ಹಚ್ಚುತ್ತಿದ್ದ ಕಟ್ಟಡದ ಚರಂಡಿ ಪೈಪುಗಳನ್ನೇ ಅಗೆದು ತೆಗೆಯಬೇಕಾಯಿತು. ಬ್ರಷ್ ತೊಳೆದ ನೀರು ಹರಿದದ್ದು ಅಲ್ಲಿ. ಕ್ಲೀನ್ ಆಗಿದೆ ಅಂತ ಯಾರೋ ಹೇಳಿದರೆ ನಂಬುವುದೂ ಕಷ್ಟ. ಸ್ಯಾನ್ ಫ್ರಾನ್ಸಿಸ್ಕೋದ ಹಂಟರ್ಸ್ ಪಾಯಿಂಟ್ ಹಡಗುಕಟ್ಟೆಯಲ್ಲಿ ಕೊಳಕು ಮಣ್ಣಿನ ಬದಲು ಒಳ್ಳೆ ಮಣ್ಣನ್ನು ಸ್ಯಾಂಪಲ್ ಅಂತ ಕಳಿಸಿದ ಗುತ್ತಿಗೆ ಕಂಪನಿಯ ಇಬ್ಬರು ಮೇಲ್ವಿಚಾರಕರಿಗೆ 2018ರಲ್ಲಿ ಜೈಲು ಶಿಕ್ಷೆ ಆಯಿತು. ಅದಾದ ಮೇಲೆ ಸುತ್ತಮುತ್ತಲಿನ ಎಲ್ಲ ನೆಲೆಗಳ ವರದಿಗಳನ್ನೂ ಜನ ಅನುಮಾನದ ಕಣ್ಣಿಂದ ನೋಡುವಂತಾಯಿತು. ತಪ್ಪೇನಿಲ್ಲ ಬಿಡಿ.

ವಿಷ ಪೂರ್ತಿ ತೆಗೆಯುವುದೇ ಬೇಕಿಲ್ಲ, ಇನ್ನೊಂದು ದಾರಿಯೂ ಇದೆ. ಮೇಲೆ ಡಾಂಬರೋ ಒಳ್ಳೆ ಮಣ್ಣೋ ಮುಚ್ಚಿ, ಖಾತೆ ಮಾಡಿಕೊಡುವಾಗಲೇ ಷರತ್ತು ಬರೆಸುತ್ತಾರೆ: ಇಲ್ಲಿ ಅಗೆಯಬಾರದು, ಮನೆ ಕಟ್ಟಬಾರದು, ಮಕ್ಕಳ ಶಾಲೆ ಇರಬಾರದು, ಬೋರ್ ಹಾಕಬಾರದು. ಖರ್ಚು ಕಡಿಮೆ. ಆದರೆ ಷರತ್ತು ಜಾಗದ ಜೊತೆಗೇ ಇರುತ್ತದೆ, ಮಾಲೀಕ ಬದಲಾದರೂ ಬಿಡುವುದಿಲ್ಲ. ಹಾಗಾಗಿ ನಕ್ಷೆಯಲ್ಲಿ ಇಡೀ ದ್ವೀಪ ಖಾಲಿ ಕಂಡರೂ ಮನೆ ಕಟ್ಟಲು ಆಗುವ ತುಂಡುಗಳು ಅಲ್ಲೊಂದು ಇಲ್ಲೊಂದು. ಹರಿದ ಚಾಪೆಯ ಥರ.

ಇನ್ನು ನೀರಿನ ಅಂಚು. ಎಲ್ಲಕ್ಕಿಂತ ಬೆಲೆಬಾಳುವುದು ಅದೇ ಅಲ್ವಾ, ಬಿಲ್ಡರ್ ಕಣ್ಣು ಮೊದಲು ಬೀಳುವುದು ಅಲ್ಲೇ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಉಬ್ಬರ ಇಳಿತದ ನೆಲ ಯಾರ ಖಾಸಗಿ ಸ್ವತ್ತೂ ಅಲ್ಲ, ಸಾರ್ವಜನಿಕರ ಪರವಾಗಿ ರಾಜ್ಯ ಅದನ್ನು ಕಾಯುತ್ತದೆ ಅನ್ನುವ ಹಳೆಯ ನ್ಯಾಯ ಇದೆ. ಹಿಂದೆ ನೀರಿದ್ದು ಆಮೇಲೆ ಮಣ್ಣು ತುಂಬಿಸಿದ ನೆಲಕ್ಕೂ ಇದು ಅನ್ವಯಿಸುತ್ತದೆ. ಮೇರ್ ಐಲ್ಯಾಂಡಿನ ಬಹುಪಾಲು ನೆಲ ಹೀಗೆ ತುಂಬಿಸಿದ್ದೇ. ಅಲ್ಲಿ ಬಂದರು, ದೋಣಿಕಟ್ಟೆ, ಮೀನುಗಾರಿಕೆ, ಪಾರ್ಕು, ಜನ ಬಂದು ಹೋಗುವ ಹೋಟೆಲು ಮಾಡಬಹುದು. ಮನೆ ಮಾಡಿ ಮಾರುವ ಹಾಗಿಲ್ಲ. ಬೇಕೇ ಬೇಕೆಂದರೆ ರಾಜ್ಯದ ಜೊತೆ ನೆಲ ಅದಲು ಬದಲು ಮಾಡಿಕೊಳ್ಳಬೇಕು, ಅದಕ್ಕೆ ಶಾಸನಸಭೆಯ ಒಪ್ಪಿಗೆಯ ತನಕ ಹೋಗಬೇಕಾಗಬಹುದು. ಇದರ ಮೇಲೆ ಕೊಲ್ಲಿಯನ್ನು ಕಾಯಲೆಂದೇ 1965ರಲ್ಲಿ ಕಾನೂನು ಮಾಡಿ ಹುಟ್ಟಿಸಿದ ಇನ್ನೊಂದು ಆಯೋಗ ಇದೆ, ದಡದಿಂದ ನೂರು ಅಡಿ ಒಳಗೆ ಏನು ಮಾಡಿದರೂ ಅವರ ಪರವಾನಗಿ ಬೇಕು. ಈ ನಿಯಮಗಳನ್ನು ಬಿಲ್ಡರುಗಳು ಬೈಯುತ್ತಾರೆ. ನಾನು ಬೈಯೋದಿಲ್ಲ. ಇವಿಲ್ಲದಿದ್ದರೆ ಆ ದಡದಲ್ಲಿ ಗೇಟು ಹಾಕಿಕೊಂಡ ಐವತ್ತು ಬಂಗಲೆಗಳು ಇರುತ್ತಿದ್ದವು, ಊರಿನವರು ಆಚೆ ದಡದಲ್ಲಿ ನಿಂತು ನೋಡಬೇಕಿತ್ತು. ಮೊದಲು ನೌಕಾಪಡೆಯ ಬೇಲಿ, ಆಮೇಲೆ ದುಡ್ಡಿನ ಬೇಲಿ.

ಹೂಳಿನ ಕಥೆ ಯಾರೂ ಮೊದಲೇ ಊಹಿಸದ ಥರದ್ದು. ಊರಿಗೂ ದ್ವೀಪಕ್ಕೂ ನಡುವೆ ಇರುವುದು ನಾಪಾ ನದಿಯ ಬಾಯಿ. ನದಿಗಳು ಹೊತ್ತು ತಂದ ಮಣ್ಣು ಇಲ್ಲಿ ಉಬ್ಬರದ ನೀರಿಗೆ ಸಿಕ್ಕಿ ಕೂರುತ್ತದೆ. ನೌಕಾಪಡೆ ಇದ್ದಷ್ಟು ಕಾಲ ಹೂಳೆತ್ತುವ ಯಂತ್ರ ನಿಲ್ಲುತ್ತಲೇ ಇರಲಿಲ್ಲ, ಎತ್ತಿದ ಕೆಸರನ್ನು ದ್ವೀಪದ ಪಶ್ಚಿಮಕ್ಕೆ ಕಟ್ಟೆ ಕಟ್ಟಿ ಸುರಿಯುತ್ತಿದ್ದರು. ದ್ವೀಪ ಬೆಳೆದದ್ದೇ ಹೀಗೆ. ನೌಕಾಪಡೆ ಹೋಯಿತು, ದಿನನಿತ್ಯದ ಹೂಳೆತ್ತುವುದೂ ನಿಂತಿತು. ನೀರು ನೀರಾಗಿಯೇ ಕಾಣುತ್ತದೆ, ಆದರೆ ದಕ್ಕೆಯ ಬುಡದಲ್ಲಿ ಆಳ ಕಡಿಮೆಯಾಗುತ್ತ ಬಂತು. ಹಡಗು ಬರದ ದಕ್ಕೆ ಇದ್ದು ಏನು ಪ್ರಯೋಜನ? ಹೂಳೆತ್ತಲು ದುಡ್ಡು ಬೇಕು. ಆ ಕೆಸರಿನಲ್ಲಿ ಏನೇನಿದೆ ಅಂತ ಪರೀಕ್ಷೆ ಮಾಡಿಸಲು ದುಡ್ಡು, ಎತ್ತಿದ್ದನ್ನು ಎಲ್ಲಿ ಸುರಿಯುವುದು ಅನ್ನುವುದಕ್ಕೆ ಮತ್ತೆ ಪರವಾನಗಿ.

ಪೈಪು, ಕರೆಂಟಿನ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ನಮಗೆಲ್ಲ ಇದು ಗೊತ್ತಿರುವ ಗೋಳೇ. ಸೈನ್ಯ ತನಗೆ ಬೇಕಾದ ಹಾಗೆ ಎಳೆದುಕೊಂಡ ಲೈನುಗಳು, ಊರಿನ ನಿಯಮಕ್ಕೆ ಹೊಂದಿಕೊಂಡವಲ್ಲ. ಎಲ್ಲ ಕಟ್ಟಡಗಳೂ ಒಬ್ಬನೇ ಯಜಮಾನನದ್ದಾದಾಗ ಮನೆಗೊಂದು ಮೀಟರ್ ಯಾಕೆ ಬೇಕು? ಈಗ ಬೇಕು. ರಸ್ತೆ ಅಗೆಯಬೇಕು. ಆದರೆ ಅಗೆಯುವ ಮೊದಲು ಮಣ್ಣು ಪರೀಕ್ಷೆ. ಊರಿಗೂ ದ್ವೀಪಕ್ಕೂ ನಡುವೆ ಹಡಗು ಬಂದಾಗ ಮೇಲೇಳುವ ಹಳೆಯ ಸೇತುವೆ ಇದೆ, ಅದರ ರಿಪೇರಿಯೂ ಊರಿನ ತಲೆಗೆ ಬಂತು. ಹಿಂದೆ ಖರ್ಚಿಲ್ಲದ ವರಮಾನ ಇತ್ತು ಅಂದೆನಲ್ಲ, ಈಗ ವರಮಾನವಿಲ್ಲದ ಖರ್ಚು. ಹಳೆಯ ಕಟ್ಟಡಗಳನ್ನು ಸುಮ್ನೆ ಕೆಡವೋಣ ಅಂದರೆ ಅದೂ ಸಲೀಸಲ್ಲ. 1975ರಿಂದಲೇ ಇದು ರಾಷ್ಟ್ರೀಯ ಸ್ಮಾರಕ. 1901ರ ಪುಟ್ಟ ಮರದ ಚರ್ಚು ಇದೆ, ಟಿಫಾನಿ ಸ್ಟುಡಿಯೋದ ಬಣ್ಣದ ಗಾಜಿನ ಕಿಟಕಿಗಳು ಅದಕ್ಕೆ. 2014ರ ಆಗಸ್ಟಿನಲ್ಲಿ ನಾಪಾ ಭೂಕಂಪವಾದಾಗ ದ್ವೀಪದ ಹಳೆಯ ಕಟ್ಟಡಗಳೂ ಬಿರುಕು ಬಿಟ್ಟವು.

ಇಷ್ಟೆಲ್ಲ ಇದ್ದ ಮೇಲೆ ದುಡ್ಡು ಹಾಕುವವರು ಯಾರು? ಇಲ್ಲಿಂದ ಕಥೆ ಸ್ವಲ್ಪ ಚೆನ್ನಾಗಿದೆ.

ಅಮೆರಿಕದ ಕಾನೂನು ಹೇಳುವುದು ಇಷ್ಟು. ಕೇಂದ್ರ ಸರ್ಕಾರ ತನ್ನ ಕೊಳಕು ನೆಲವನ್ನು ಬೇರೆಯವರಿಗೆ ಕೊಡುವ ಮೊದಲು ಮಾಡಬೇಕಾದ ಕ್ಲೀನಿಂಗ್ ಎಲ್ಲ ಮಾಡಿದ್ದೇನೆ ಅಂತ ಬರೆದುಕೊಡಬೇಕು. ಒಳ್ಳೆಯ ಕಾನೂನೇ. ಆದರೆ ನೌಕಾಪಡೆಗೆ ಅವಸರ ಇಲ್ಲ, ಬಜೆಟ್ ವರ್ಷಕ್ಕೆ ಇಷ್ಟಿಷ್ಟೇ, ಸರತಿಯಲ್ಲಿ ಬೇರೆ ನೂರು ನೆಲೆಗಳು. ಊರಿಗೆ ಮಾತ್ರ ಅವಸರ. 1996ರಲ್ಲಿ ಒಂದು ತಿದ್ದುಪಡಿ ತಂದರು: ರಾಜ್ಯದ ಗವರ್ನರ್ ಒಪ್ಪಿದರೆ ಮೊದಲು ಖಾತೆ ಮಾಡಿಕೊಟ್ಟು ಆಮೇಲೆ ಕ್ಲೀನ್ ಮಾಡಬಹುದು. ಮೇರ್ ಐಲ್ಯಾಂಡಿನಲ್ಲಿ 2002ರಲ್ಲಿ ಇದೇ ದಾರಿ ಹಿಡಿದರು. ಪೂರ್ವದ ಅಂಚಿನ ಸುಮಾರು 650 ಎಕರೆ ನೌಕಾಪಡೆಯಿಂದ ಊರಿಗೆ, ಊರಿಂದ ಲೆನಾರ್ ಎಂಬ ದೊಡ್ಡ ಬಿಲ್ಡರ್ ಕಂಪನಿಗೆ. ನೌಕಾಪಡೆ ಕ್ಲೀನಿಂಗಿಗೆಂದು ಒಂದು ಮೊತ್ತ ಕೊಟ್ಟು ಕೈತೊಳೆದುಕೊಂಡಿತು. ಲೆಕ್ಕಕ್ಕೆ ಸಿಗದ ವಿಷ ಆಮೇಲೆ ಸಿಕ್ಕರೆ ಅಂತ ವಿಮೆ ಮಾಡಿಸಿದರು. ಹೌದು, ಮಣ್ಣಿಗೂ ವಿಮೆ! ಬಿಲ್ಡರ್ ಲೆಕ್ಕಾಚಾರ ಏನು ಅಂದರೆ, ಮೊದಲು ಒಂದಷ್ಟು ಮನೆ ಕಟ್ಟಿ ಮಾರೋಣ, ಆ ಲಾಭದಲ್ಲಿ ಪೈಪು, ರಸ್ತೆ, ಮುಂದಿನ ತುಂಡಿನ ಕ್ಲೀನಿಂಗ್, ಅಲ್ಲಿ ಮತ್ತೆ ಮನೆ. ಒಟ್ಟು ಸುಮಾರು 1,400 ಮನೆಗಳ ಯೋಜನೆ.

ಈ ಯೋಜನೆಯಲ್ಲಿ ಒಂದು ತೊಂದರೆ ಇದೆ. ಮನೆಯ ಬೆಲೆ ಏರುತ್ತಲೇ ಇದ್ದರೆ ಮಾತ್ರ ಗಾಡಿ ಓಡುತ್ತದೆ. ಕೆಲವು ನೂರು ಮನೆಗಳಾದವು, ಅಷ್ಟರಲ್ಲಿ 2007-08ರ ಕುಸಿತ ಬಂತು. ವಲೇಹೊ ಆ ಕುಸಿತದಲ್ಲಿ ಚೆನ್ನಾಗಿ ಏಟು ತಿಂದ ಊರು. 2008ರ ಮೇ ತಿಂಗಳಲ್ಲಿ ನಗರಸಭೆ ದಿವಾಳಿ ಅಂತ ಕೋರ್ಟಿಗೆ ಹೋಯಿತು, ಅದುವರೆಗೆ ಕ್ಯಾಲಿಫೋರ್ನಿಯಾದಲ್ಲಿ ಅಷ್ಟು ದೊಡ್ಡ ಊರು ದಿವಾಳಿಯೆದ್ದಿರಲಿಲ್ಲ. ಜೂನಿನಲ್ಲಿ ಲೆನಾರ್‌ನ ಮೇರ್ ಐಲ್ಯಾಂಡ್ ಅಂಗಸಂಸ್ಥೆಯೂ ಲ್ಯಾಂಡ್‌ಸೋರ್ಸ್ ಎಂಬ ಗುಂಪಿನ ಜೊತೆ ದಿವಾಳಿ ಅರ್ಜಿ ಹಾಕಿತು. ಒಂದೇ ತಿಂಗಳ ಅಂತರದಲ್ಲಿ ಊರೂ ಮುಳುಗಿತು, ಊರಿನ ಬಿಲ್ಡರೂ ಮುಳುಗಿದ.

ಇನ್ನೂ ಇದೆ ಕೇಳಿ. ಆ ಲ್ಯಾಂಡ್‌ಸೋರ್ಸ್‌ನಲ್ಲಿ ಸುಮಾರು 97 ಕೋಟಿ ಡಾಲರ್ ಕಳೆದುಕೊಂಡಿದ್ದು ಯಾರು ಗೊತ್ತಾ? ಕ್ಯಾಲಿಫೋರ್ನಿಯಾದ ಸರ್ಕಾರಿ ನೌಕರರ ಪಿಂಚಣಿ ನಿಧಿ ಕ್ಯಾಲ್‌ಪರ್ಸ್. ವಲೇಹೊ ನಗರಸಭೆಯನ್ನು ದಿವಾಳಿ ಮಾಡಿದ್ದರಲ್ಲಿ ದೊಡ್ಡ ಪಾಲು ಪೊಲೀಸರ, ಅಗ್ನಿಶಾಮಕ ಸಿಬ್ಬಂದಿಯ ಸಂಬಳ, ಪಿಂಚಣಿ ಅಂತ ಎಲ್ಲ ಕಡೆ ಚರ್ಚೆಯಾಯಿತು. ಆ ಪಿಂಚಣಿ ನೋಡಿಕೊಳ್ಳುವುದೂ ಅದೇ ಕ್ಯಾಲ್‌ಪರ್ಸ್. ಅಂದರೆ ಊರಿನ ನೌಕರರ ಪಿಂಚಣಿ ದುಡ್ಡಿನ ಒಂದು ಎಳೆ ಅದೇ ಊರಿನ ದಡದ ಮಣ್ಣಿನಲ್ಲಿ ಹೂತುಹೋಯಿತು. ಎಷ್ಟೇ ಕಿಲಾಡಿ ಕತೆಗಾರನಾದರೂ ಇಂಥದ್ದನ್ನು ಬರೆದರೆ ಅತಿಯಾಯಿತು ಅನ್ನುತ್ತಿದ್ದೆವು. ಅಗ್ನಿಶಾಮಕ ಠಾಣೆಗಳು ಮುಚ್ಚಿದವು. ಕೋರ್ಟಿನಿಂದ ಊರು ಹೊರಬಂದಿದ್ದು 2011ರಲ್ಲಿ.

ದುಡ್ಡಿನ ಹಸಿವಿರುವ ಊರಿನ ಮುಂದೆ ಯಾವ ಥರದ ಆಮಿಷ ಬರುತ್ತದೆ ಅನ್ನುವುದನ್ನೂ ಹೇಳಬೇಕು. ದಿವಾಳಿಗೂ ಮೊದಲೇ, 2002ರಲ್ಲಿ, ಶೆಲ್ ಮತ್ತು ಬೆಕ್ಟೆಲ್ ಕಂಪನಿಗಳು ದ್ವೀಪದ ದಕ್ಷಿಣ ತುದಿಯಲ್ಲಿ ದ್ರವರೂಪದ ಅನಿಲ ಇಳಿಸುವ ಟರ್ಮಿನಲ್ ಮತ್ತು ಕರೆಂಟ್ ಸ್ಥಾವರ ಮಾಡುತ್ತೇವೆ ಅಂತ ಬಂದವು. ಕೆಲಸ ಬರುತ್ತದೆ, ತೆರಿಗೆ ಬರುತ್ತದೆ. ಎದುರು ದಡದಲ್ಲಿ ಮನೆ, ಶಾಲೆ ಇರುವಾಗ ಇಂಥದ್ದು ಬೇಕಾ ಅಂತ ಜನ ಎದ್ದುನಿಂತರು. ಸಭೆಗಳಲ್ಲಿ ಊರು ಎರಡು ಪಾಲಾಯಿತು. 2003ರ ಜನವರಿಯಲ್ಲಿ ಕಂಪನಿಗಳು ವಾಪಸ್ ಹೋದವು. ಇಂಥ ಊರಿಗೆ ದಕ್ಕುವ ಅವಕಾಶಗಳೆಲ್ಲ ಹೀಗೇ ಇರುತ್ತವೆ. ದೊಡ್ಡ ಊರು ಬೇಡ ಅಂದಿದ್ದು ಚಿಕ್ಕ ಊರಿನ ಬಾಗಿಲಿಗೆ ಬರುತ್ತದೆ.

ಆ ದಕ್ಷಿಣ ತುದಿಗೆ ಇನ್ನೊಂದು ನೆನಪೂ ಇದೆ. 1944ರ ಜುಲೈ 17ರಂದು ಹತ್ತಿರದ ಪೋರ್ಟ್ ಶಿಕಾಗೊದಲ್ಲಿ ಮದ್ದುಗುಂಡು ತುಂಬುವಾಗ ಹಡಗು ಸಿಡಿದು 320 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಕಪ್ಪು ನಾವಿಕರು. ಬದುಕುಳಿದವರನ್ನು ಮೇರ್ ಐಲ್ಯಾಂಡಿಗೆ ತಂದು ಆಗಸ್ಟಿನಲ್ಲಿ ಮತ್ತೆ ಅದೇ ಕೆಲಸಕ್ಕೆ ಹಚ್ಚಿದಾಗ 258 ಜನ ಒಲ್ಲೆ ಅಂದರು. ಐವತ್ತು ಜನರಿಗೆ ದಂಗೆಯ ಆರೋಪದಲ್ಲಿ ಶಿಕ್ಷೆಯಾಯಿತು. ನೌಕಾಪಡೆ ಅವರನ್ನೆಲ್ಲ ನಿರ್ದೋಷಿಗಳು ಅಂತ ಸಾರಿದ್ದು 2024ರ ಜುಲೈಯಲ್ಲಿ, ಎಂಬತ್ತು ವರ್ಷ ಕಳೆದ ಮೇಲೆ. ಈಗ ಆ ಕಡೆಯ ಗುಡ್ಡ ಊರಿನವರು ನಡೆದಾಡುವ ಸಂರಕ್ಷಿತ ಜಾಗ. ಹಳೆಯ ನೌಕಾ ಸ್ಮಶಾನವೂ ಅಲ್ಲೇ.

ಹಾಗಾದರೆ ಇಷ್ಟು ವರ್ಷದಲ್ಲಿ ಏನೂ ಆಗಲಿಲ್ವಾ? ಆಗಿದೆ. ಏನು ಆಗಿದೆ ಅಂತ ನೋಡಿದರೆ ನನಗೊಂದು ವಿಷಯ ಕಾಣುತ್ತದೆ. ನೌಕಾಪಡೆ ಬಿಟ್ಟುಹೋದದ್ದನ್ನು ಅಳಿಸಿ ಹೊಸ ಊರು ಬರೆಯುತ್ತೇವೆ ಅಂದವರು ಸೋತರು. ಇದ್ದದ್ದನ್ನು ಇದ್ದ ಹಾಗೇ ಎತ್ತಿಕೊಂಡವರು ಹೇಗೋ ದಾರಿ ಮಾಡಿಕೊಂಡರು.

ಡ್ರೈ ಡಾಕ್ ನೋಡಿ. ಅದೊಂದು ದೊಡ್ಡ ಕಲ್ಯಾಣಿ ಅಂದುಕೊಳ್ಳಿ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಕಲ್ಲಿನ ಗೋಡೆ, ಒಂದು ಬದಿ ಮಾತ್ರ ನದಿಗೆ ತೆರೆದಿರುತ್ತದೆ. ಹಡಗು ತೇಲಿಕೊಂಡು ಒಳಗೆ ಬರುತ್ತದೆ. ಬಾಗಿಲಿಗೆ ಅಡ್ಡಲಾಗಿ ಒಂದು ಟೊಳ್ಳು ಉಕ್ಕಿನ ತಡೆಯನ್ನು ತೇಲಿಸಿ ತಂದು ನೀರು ತುಂಬಿಸಿ ಮುಳುಗಿಸುತ್ತಾರೆ. ಆಮೇಲೆ ಪಂಪು ಹಾಕಿ ಒಳಗಿನ ನೀರು ಖಾಲಿ ಮಾಡುತ್ತಾರೆ. ಕೆಳಗೆ ಮೊದಲೇ ಲೆಕ್ಕ ಹಾಕಿ ಜೋಡಿಸಿದ ದಿಮ್ಮಿಗಳ ಮೇಲೆ ಹಡಗು ಮೆಲ್ಲಗೆ ಕೂರುತ್ತದೆ. ಕೆಲಸಗಾರ ಒಣ ನೆಲದ ಮೇಲೆ ನಿಂತು ಹಡಗಿನ ಹೊಟ್ಟೆ ಕೆರೆಯಬಹುದು. ದಿಮ್ಮಿಯ ಲೆಕ್ಕ ತಪ್ಪಿದರೆ ಹಡಗಿನ ತಳಕ್ಕೆ ಏಟು. ಮೇರ್ ಐಲ್ಯಾಂಡಿನ ಮೊದಲ ಗ್ರಾನೈಟ್ ಡಾಕ್ ಕಟ್ಟಲು ಶುರುಮಾಡಿದ್ದು 1872ರಲ್ಲಿ, ಮುಗಿದದ್ದು 1891ರಲ್ಲಿ. ಇಂಥದ್ದನ್ನು ಇವತ್ತು ಹೊಸದಾಗಿ ಕಟ್ಟುತ್ತೇನೆ ಅಂದರೆ ಯಾವ ಚಿಕ್ಕ ಊರಿನ ಕೈಯಲ್ಲೂ ಆಗುವ ಮಾತಲ್ಲ. ಇಲ್ಲಿ ನಾಲ್ಕು ಸುಮ್ನೆ ಬಿದ್ದಿದ್ದವು. 2010ರ ದಶಕದ ಶುರುವಿನಲ್ಲಿ ಖಾಸಗಿಯವರು ಅವುಗಳಲ್ಲಿ ಎರಡನ್ನು ಮತ್ತೆ ಎಬ್ಬಿಸಿದರು. ಮೊದಲು ನೌಕಾಪಡೆಯ ಹಳೆ ಹಡಗುಗಳನ್ನು ಒಡೆಯುವ ಕೆಲಸ, ಆಮೇಲೆ ಫೆರಿ, ಕೋಸ್ಟ್ ಗಾರ್ಡ್ ಹಡಗುಗಳ ರಿಪೇರಿ. ಅಮೆರಿಕದ ಒಂದೇ ಒಂದು ಭಾರಿ ಹಿಮಭೇದಕ ಹಡಗು ಪೋಲಾರ್ ಸ್ಟಾರ್ ಅಂಟಾರ್ಕ್ಟಿಕಾದಲ್ಲಿ ಮಂಜುಗಡ್ಡೆ ಒಡೆದು ಮೈಕೈ ನೋಯಿಸಿಕೊಂಡು ವಾಪಸ್ ಬಂದು 2021ರಿಂದ ಕೆಲವು ವರ್ಷ ವರ್ಷಕ್ಕೊಮ್ಮೆ ಇಲ್ಲಿನ ಡಾಕಿನಲ್ಲಿ ಮಲಗಿ ಚಿಕಿತ್ಸೆ ಮಾಡಿಸಿಕೊಂಡಿತು. ವೆಲ್ಡಿಂಗ್ ಕಿಡಿ ಮತ್ತೆ ಹಾರಿತು. ಸರ್ಕಾರದ ಗುತ್ತಿಗೆ ನಂಬಿಕೊಂಡ ಕೆಲಸ ಅದು, ಗುತ್ತಿಗೆ ಬೇರೆ ಕಡೆ ಹೋದರೆ ಕಿಡಿಯೂ ಹೋಗುತ್ತದೆ ಅನ್ನುವುದು ನಿಜ. ಹಳೆಯ ರೋಗವೇ.

ಸಬ್‌ಮೆರೀನಿನ ಭಾಗಗಳನ್ನು ಮಾಡುತ್ತಿದ್ದ ಭಾರಿ ಶೆಡ್ಡಿನಲ್ಲಿ ಫ್ಯಾಕ್ಟರಿ ಓಎಸ್ ಎಂಬ ಕಂಪನಿ 2018ರ ಸುಮಾರಿಗೆ ಅಪಾರ್ಟ್‌ಮೆಂಟುಗಳನ್ನು ಡಬ್ಬಿ ಡಬ್ಬಿಯಾಗಿ ಕಟ್ಟಿ ಲಾರಿಯಲ್ಲಿ ಕಳಿಸಲು ಶುರುಮಾಡಿತು. ಕಂಬ ಅಡ್ಡ ಬರದ ಅಗಲ, ತಲೆಯ ಮೇಲೆ ಓಡಾಡುವ ಕ್ರೇನು, ಎರಡೂ ರೆಡಿ ಇದ್ದವು. ದ್ವೀಪದಲ್ಲಿ ಮನೆ ಕಟ್ಟಲು ಕಷ್ಟಪಟ್ಟ ಜಾಗದಿಂದಲೇ ಬೇರೆ ಊರಿಗೆ ಮನೆ ಹೋಯಿತು, ನೋಡಿ ವಿಚಿತ್ರ. 1999ರಿಂದ ಒಂದು ವೈದ್ಯಕೀಯ ವಿಶ್ವವಿದ್ಯಾಲಯ ನೌಕಾಪಡೆಯ ಹಳೆಯ ಕಟ್ಟಡಗಳಲ್ಲೇ ನಡೆಯುತ್ತಿದೆ. ಕಲ್ಲಿದ್ದಲು ಗೋದಾಮಿಗೆ ಬಿಯರ್ ಬಂತು, ಇನ್ನೊಂದು ಕಟ್ಟಡಕ್ಕೆ ವಿಸ್ಕಿ ಬಂತು. ದೋಣಿ ಕಂಪನಿಯ ರಿಪೇರಿ ಕಟ್ಟೆ ಇಲ್ಲೇ ಇರುವುದರಿಂದ ಫೆರಿ ಕೂಡ ದ್ವೀಪದಲ್ಲಿ ನಿಲ್ಲತೊಡಗಿತು. ಖಾಲಿ ಶೆಡ್ಡುಗಳನ್ನು ಸಿನಿಮಾ, ಸೀರಿಯಲ್ ಶೂಟಿಂಗಿಗೂ ಬಾಡಿಗೆಗೆ ಕೊಡುತ್ತಾರೆ.

ಇನ್ನು ದೊಡ್ಡ ಯೋಜನೆ. ಲೆನಾರ್ ಕೈಯಲ್ಲಿದ್ದ ಹೆಚ್ಚಿನ ಜಾಗವನ್ನು 2019ರ ಸುಮಾರಿಗೆ ನಿಮಿಟ್ಜ್ ಗ್ರೂಪ್ ಎಂಬ ಹೂಡಿಕೆದಾರರ ಗುಂಪು ಕೊಂಡುಕೊಂಡಿತು. ಹೊಸ ನಕ್ಷೆ, ಹೊಸ ಚಿತ್ರ, ಚಿತ್ರದಲ್ಲಿ ಸೈಕಲ್ ಹೊಡೆಯುವ ಮಕ್ಕಳು. ಚಿತ್ರಗಳು ಯಾವಾಗಲೂ ಚೆನ್ನಾಗಿರುತ್ತವೆ. ನನಗೆ ಇರುವ ಅನುಮಾನ ಒಂದೇ, ಅದು ಬಾಡಿಗೆಯ ಲೆಕ್ಕ. ಒಂದು ಅಪಾರ್ಟ್‌ಮೆಂಟ್ ಕಟ್ಟಲು ಸಿಮೆಂಟು, ಕಬ್ಬಿಣ, ಕೂಲಿಗೆ ಆಗುವ ಖರ್ಚು ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ವಲೇಹೊದಲ್ಲೂ ಹೆಚ್ಚು ಕಡಿಮೆ ಅಷ್ಟೇ. ಬರುವ ಬಾಡಿಗೆ ಮಾತ್ರ ವಲೇಹೊದಲ್ಲಿ ಕಡಿಮೆ. ಅಲಮೀಡಾದಲ್ಲಿ 2021ರಲ್ಲಿ ಹೊಸ ಫೆರಿ ನಿಲ್ದಾಣ ಬಂತು, ಸುತ್ತ ಮನೆಗಳೂ ಎದ್ದವು, ಯಾಕೆಂದರೆ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ ಇಪ್ಪತ್ತು ನಿಮಿಷ, ಹಾಗಾಗಿ ವಿಷ ತೆಗೆದ ಖರ್ಚನ್ನೂ ಆ ಬಾಡಿಗೆ ಹೊರುತ್ತದೆ. ವಲೇಹೊದಲ್ಲಿ ಹೊರುವುದಿಲ್ಲ. ಆ ವ್ಯತ್ಯಾಸವನ್ನು ಯಾರಾದರೂ ತುಂಬಬೇಕು: ಸರ್ಕಾರ ತುಂಬಬೇಕು, ಇಲ್ಲವೇ ನಷ್ಟ ತಡೆದುಕೊಂಡು ಮೂವತ್ತು ವರ್ಷ ಕಾಯುವಷ್ಟು ದುಡ್ಡಿರುವವರು ತುಂಬಬೇಕು.

ಕಾಯುವ ವಿಷಯ ಬಂದಿದ್ದರಿಂದ ಕ್ರೇನಿಗೆ ವಾಪಸ್ ಬರುತ್ತೇನೆ. ಫೆರಿ ಇಳಿದಾಗ ಕಂಡ ಆ ತುಕ್ಕು ಕ್ರೇನುಗಳ ನೆತ್ತಿಯ ಮೇಲೆ ಕಟ್ಟಿಗೆ ಗುಡ್ಡೆ ಹಾಕಿದಂತೆ ಕಾಣುತ್ತದೆ. ಅದು ಆಸ್ಪ್ರೇ ಗೂಡು. ಮೀನು ಹಿಡಿಯುವ ದೊಡ್ಡ ಗಿಡುಗ, ಚಳಿಗಾಲದಲ್ಲಿ ನಮ್ಮ ಕಬಿನಿ ಹಿನ್ನೀರಿನಲ್ಲೂ ಕಾಣಿಸುವ ಜಾತಿಯೇ. ನೌಕಾಪಡೆ ಹೋದ ಮೇಲೆ ಒಂದೊಂದಾಗಿ ಬಂದವು, ಈಗ ಇಡೀ ಕೊಲ್ಲಿಯಲ್ಲಿ ಅವು ಗುಂಪಾಗಿ ಗೂಡು ಕಟ್ಟುವ ಮುಖ್ಯ ಜಾಗ ಇದೇ. ಎತ್ತರ ಬೇಕು, ಕೆಳಗೆ ಮೀನಿರುವ ನೀರು ಬೇಕು, ಜನ ಬರಬಾರದು. ಕ್ರೇನು ಮೂರೂ ಕೊಟ್ಟಿತು. 1918ರಲ್ಲಿ ಮಾಡಿದ ವಲಸೆ ಹಕ್ಕಿಗಳ ಕಾನೂನಿನ ಪ್ರಕಾರ ಮೊಟ್ಟೆಯೋ ಮರಿಯೋ ಇರುವ ಗೂಡನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ಯಾವುದಾದರೂ ಕ್ರೇನು ಬಿಚ್ಚಬೇಕು ಅಂತ ಗುತ್ತಿಗೆದಾರ ವಸಂತದಲ್ಲಿ ಬಂದರೆ ಮೊದಲು ದುರ್ಬೀನು ಹಿಡಿದು ಮೇಲೆ ನೋಡಬೇಕು. ಗೂಡಿನಲ್ಲಿ ತಲೆ ಕಂಡರೆ ಸಾಮಾನು ಕಟ್ಟಿಕೊಂಡು ವಾಪಸ್, ಮರಿಗಳು ಹಾರುವ ತನಕ.